ಅರ್ಧ ಗಂಟೆಯ ಬೆಂಕಿ ನಂಬಿ ಕೆಟ್ಟೆ

ಮಳೆ ಹಿಡಿಯಿತೆಂದರೆ ಮನೆಮನೆಗೆ ಹೋಗಿ ಟಿವಿ ಹಾಕಿಕೊಡುವ ನಮಗೆ ಒಂದು ಥರದ ಇನ್‌ಸ್ಟಾಲೇಶನ್ ಕಾಲ್ ಜಾಸ್ತಿಯಾಗುತ್ತದೆ. ಎಸ್ಟೇಟ್ ಬಂಗಲೆ, ಹಾಲ್‌ನಲ್ಲಿ ಫೈರ್‌ಪ್ಲೇಸ್, ಅದರ ಮೇಲೆ ಟಿವಿ ಬೇಕು. ಕಸ್ಟಮರ್ ಮೊಬೈಲ್‌ನಲ್ಲಿ ಯಾವುದೋ ಫೋಟೋ ತೋರಿಸುತ್ತಾರೆ. ಕೆಳಗೆ ಬೆಂಕಿ, ಮೇಲೆ ಟಿವಿ, ಎದುರಿಗೆ ಬಿಳಿ ಸೋಫಾ. ಅಷ್ಟೊತ್ತಿಗೆ ಶೋರೂಮಿನವರು "ನಮ್ಮ ಇಂಜಿನಿಯರ್ ಬಂದು ಎಲ್ಲಿ ಬೇಕಾದ್ರೂ ಹಾಕ್ಕೊಡ್ತಾರೆ" ಅಂತ ಹೇಳಿ ಬಿಲ್ ಹರಿದಿರುತ್ತಾರೆ. ನಮ್ಮ ಆ್ಯಪ್‌ನಲ್ಲಿ ಗೋಡೆಗೆ ಒಂದು ಕಾಲಂ ಇದೆ. ಕಾಂಕ್ರೀಟ್, ಇಟ್ಟಿಗೆ, ಮರ, ಜಿಪ್ಸಂ. ಯಾವುದಾದರೂ ಒಂದನ್ನು ಒತ್ತಿದರೇ ಮುಂದಿನ ಪೇಜ್ ಬರುವುದು. ಗೋಡೆಯ ಬುಡದಲ್ಲಿ ಬೆಂಕಿ ಉರಿಯುತ್ತದಾ ಅಂತ ಕೇಳುವ ಕಾಲಂ ಇಲ್ಲ. ಆ್ಯಪ್ ಮಾಡಿದವರಿಗೆ ಮಲೆನಾಡಿನ ಜೂನ್ ತಿಂಗಳು ಗೊತ್ತಿಲ್ಲ, ಬಿಡಿ.

ಆ ಕಾಲ್ ಬಂದಿದ್ದು 2024ರ ಟಿ20 ವಿಶ್ವಕಪ್ ಫೈನಲ್‌ನ ಹಿಂದಿನ ದಿನ. ಮೂಡಿಗೆರೆ ಕಡೆಯ ಹಳೇ ಬಂಗಲೆ, ಈಗ ಹೋಮ್‌ಸ್ಟೇ. ಫೈನಲ್ ನೋಡೋಕೆ ಅಂತಲೇ ಬೆಂಗಳೂರಿಂದ ಒಂದು ದೊಡ್ಡ ಗುಂಪು ಬುಕ್ ಮಾಡಿತ್ತು. 55 ಇಂಚಿನ ಹೊಸ ಟಿವಿ ಬಾಕ್ಸ್‌ನಲ್ಲೇ ಕೂತಿತ್ತು. ಜೂನ್ 29, ಶನಿವಾರ ಮಧ್ಯಾಹ್ನದೊಳಗೆ ಗೋಡೆಗೆ ಏರಲೇಬೇಕು. ಇತ್ತ ಕಡೆ ನಮ್ಮ ಕೋಆರ್ಡಿನೇಟರ್, "ಟಿಎಟಿ ಬ್ರೇಕ್ ಆದ್ರೆ ನಾನು ಜವಾಬ್ದಾರ ಅಲ್ಲ" ಅಂತ ಬೆಳಿಗ್ಗೆಯಿಂದ ವಾಟ್ಸಾಪ್‌ನಲ್ಲಿ ಕುಟ್ಟುತ್ತಿದ್ದ. ಟಿಎಟಿ ಅಂದರೆ ಕಾಲ್ ಮುಗಿಸಲು ಕೊಟ್ಟ ಗಡುವು.

ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ ಫೈರ್‌ಪ್ಲೇಸ್ ಮಾತ್ರ ಚೆಂದ. ಗೋಡೆಯಿಂದ ಒಂದಡಿ ಮುಂದಕ್ಕೆ ಬಂದಿರುವ ಚಿಮಣಿ, ಮೇಲೆ ಗಾರೆ, ನಾಲ್ಕೂವರೆ ಅಡಿ ಎತ್ತರದಲ್ಲಿ ಬೀಟೆ ಮರದ ಹಲಗೆ. ಹಲಗೆ ಅಗಲ ಬರೀ ನಾಲ್ಕು ಇಂಚು. ಯಜಮಾನರ ತಾಯಿ ಎದುರಿನ ಬೆತ್ತದ ಕುರ್ಚಿಯಲ್ಲಿ ಕೂತು ನಾನು ಪೆನ್ಸಿಲ್‌ನಲ್ಲಿ ಗುರುತು ಹಾಕುವುದನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು: "ಅಷ್ಟೆತ್ತರದಲ್ಲಿ ಇಟ್ರೆ ಕತ್ತೆತ್ತಿ ನೋಡ್ಬೇಕಲ್ಲಪ್ಪ. ಇದೇನು ತೇರಾ?"

ಅಜ್ಜಿಯ ಲೆಕ್ಕ ಸರಿಯಾಗಿತ್ತು. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿ ಇರುತ್ತದೆ. ಟಿವಿಯ ನಡುಭಾಗ ಹೆಚ್ಚೂ ಕಡಿಮೆ ಅಲ್ಲೇ ಬರಬೇಕು. ನಾನು ಗುರುತು ಹಾಕಿದ ಜಾಗದಲ್ಲಿ ನಡುಭಾಗ ಆರಡಿ ದಾಟುತ್ತಿತ್ತು. "ಟಿಲ್ಟ್ ಬ್ರಾಕೆಟ್ ಹಾಕ್ತೀನಿ ಅಜ್ಜಿ, ಮುಂದಕ್ಕೆ ಬಗ್ಗುತ್ತೆ" ಅಂದೆ. ಟಿವಿ ಬಗ್ಗಿದರೂ ನೋಡುವವರ ಕತ್ತು ಮೇಲೆಯೇ ಇರುತ್ತದೆ ಅಂತ ಗೊತ್ತಿದ್ದೂ ಅಂದೆ. ಕೊನೆಗೆ ವ್ಯಾನ್‌ನಲ್ಲಿ ನೋಡಿದರೆ ಇದ್ದಿದ್ದು ಫಿಕ್ಸೆಡ್ ಬ್ರಾಕೆಟ್ ಒಂದೇ. ಟಿಲ್ಟ್ ಬ್ರಾಕೆಟ್‌ಗೆ ಇಂಡೆಂಟ್ (ಬೇಡಿಕೆ ಚೀಟಿ) ಹಾಕಿ ಎಷ್ಟೋ ದಿನ ಆಗಿತ್ತು, ಸ್ಟೋರ್ ಕಡೆಯಿಂದ ಉತ್ತರವೇ ಇರಲಿಲ್ಲ. ಫಿಕ್ಸೆಡ್‌ನಲ್ಲಿ ಟಿವಿ ಬೆನ್ನಿಗೂ ಗೋಡೆಗೂ ನಡುವೆ ಉಳಿಯುವುದು ಒಂದು ಇಂಚು.

ಎಸ್ಟೇಟಿನ ಲೆಕ್ಕಪತ್ರ ನೋಡಿಕೊಳ್ಳುವ ರೈಟ್ರು ಛತ್ರಿ ಮಡಚುತ್ತಾ ಒಳಗೆ ಬಂದವರು ಇನ್ನೊಂದು ಮಾತು ಹೇಳಿದರು. "ಇಲ್ಲಿ ಬೇಡ ಮಾರಾಯ್ರೆ. ಟ್ರೆಕ್ಕಿಂಗ್ ಹೋಗಿ ಬಂದ ಗೆಸ್ಟ್‌ಗಳು ಒದ್ದೆ ಸಾಕ್ಸ್ ಒಣಗಿಸೋದು ಇದೇ ಹಲಗೆ ಮೇಲೆ. ಬೆಳಿಗ್ಗೆ ನೋಡಿದ್ರೆ ಹಪ್ಪಳ ಆಗಿರ್ತವೆ." ನಾನು ನಕ್ಕೆ. ಯಜಮಾನರ ಮುಖ ಮಾತ್ರ ಸಣ್ಣಗಾಯಿತು. ಅವರಿಗೆ ಧೈರ್ಯ ಬರಲಿ ಅಂತ ಒಂದು ಟೆಸ್ಟ್ ಮಾಡೋಣ ಅಂದೆ.

ಸಿಲ್ವರ್ ಓಕ್ ಸೌದೆ, ಎರಡು ಕಾಫಿ ಬೊಡ್ಡೆ ಹಾಕಿ ಬೆಂಕಿ ಹೊತ್ತಿಸಿದರು. ಅದು ಹತ್ತಿಕೊಳ್ಳುವ ಹೊತ್ತಿಗೆ ನಾನು ಟಿವಿ ಬಿಚ್ಚಿ, ಸ್ಕ್ರೂ ಎಲ್ಲ ಜೋಡಿಸಿಟ್ಟುಕೊಂಡೆ. ಅರ್ಧ ಗಂಟೆ ಬಿಟ್ಟು ಹಲಗೆ ಮೇಲಿನ ಗೋಡೆಗೆ ಅಂಗೈ ಒತ್ತಿದೆ. ತಣ್ಣಗೆ ಕೊರೆಯುತ್ತಿತ್ತು. ಯಜಮಾನರ ಕೈಯನ್ನೂ ಹಿಡಿದು ಒತ್ತಿಸಿದೆ. "ನೋಡಿ ಸಾರ್. ಹಳೇ ಕಾಲದ ಗೋಡೆ, ಇಷ್ಟು ದಪ್ಪ ಇದೆ. ಬಿಸಿ ಎಲ್ಲಿಂದ ಬರ್ಬೇಕು?" ರೈಟ್ರು ಏನೂ ಮಾತಾಡಲಿಲ್ಲ, ಛತ್ರಿ ಬಿಚ್ಚಿಕೊಂಡು ಡ್ರೈಯಿಂಗ್ ಯಾರ್ಡ್ ಕಡೆ ಹೋದರು.

ಡ್ರಿಲ್ ಮಾಡುವಾಗಲೇ ಗೋಡೆ ಒಂದು ಸುಳಿವು ಕೊಟ್ಟಿತ್ತು. ಮೂರು ತೂತು ಗಟ್ಟಿಯಾಗಿ ಬಂದವು. ನಾಲ್ಕನೆಯದಕ್ಕೆ ಬಿಟ್ ನಾಲ್ಕು ಇಂಚು ಹೋಗಿದ್ದೇ ತಡ, ತಡೆಯೇ ಇಲ್ಲದೆ ಸರ್ರನೆ ಒಳಗೆ ಹೊಕ್ಕಿತು. ಎಳೆದು ನೋಡಿದರೆ ಬಿಟ್ ತುದಿ ಕಪ್ಪಗೆ, ಮಸಿ. ತೂತಿನಿಂದ ಬೆರಳು ಗಾತ್ರದ ಹೊಗೆ ಹೊರಗೆ ಇಣುಕಿತು. ಅಂದರೆ ಚಿಮಣಿಯ ಮುಂದಿನ ಗೋಡೆ ನಾನು ಅಂದುಕೊಂಡಷ್ಟು ದಪ್ಪ ಇರಲಿಲ್ಲ. ಒಂದು ಇಟ್ಟಿಗೆಯ ಅಗಲ, ಅಷ್ಟೇ. ಸಿಮೆಂಟ್ ಕಲಸಿ ತೂತು ಮುಚ್ಚಿದೆ, ಬ್ರಾಕೆಟ್ ಎರಡು ಇಂಚು ಪಕ್ಕಕ್ಕೆ ಸರಿಸಿದೆ, ರಸಮಟ್ಟ ಇಟ್ಟು ಮತ್ತೆ ಗುರುತು ಹಾಕಿದೆ. ತಲೆಯಲ್ಲಿ ಆಗ ಓಡುತ್ತಿದ್ದಿದ್ದು ಮುಂದಿನ ಕಾಲ್‌ಗೆ ಲೇಟ್ ಆಯಿತು ಅನ್ನೋದು ಮಾತ್ರ. ಟಿವಿ ಏರಿಸಿ, ಡೆಮೊ ಕೊಟ್ಟು, ಫೋಟೋ ಅಪ್‌ಲೋಡ್ ಮಾಡಿ, ಕೆಲಸ ಮುಗಿದದ್ದಕ್ಕೆ ಕಸ್ಟಮರ್ ಕೊಡುವ ಹ್ಯಾಪಿ ಕೋಡ್ ತಗೊಂಡು ಕಾಲ್ ಕ್ಲೋಸ್ ಮಾಡಿದೆ. ಫೋಟೋ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಸ್ಟೇಟಸ್‌ಗೂ ಹಾಕಿಕೊಂಡೆ. ಕೆಳಗೆ ಉರಿಯುವ ಬೆಂಕಿ ಸಮೇತ.

ರಾತ್ರಿ ಮನೆಯಲ್ಲಿ ನಾನೂ ಮ್ಯಾಚ್ ನೋಡುತ್ತಿದ್ದೆ. ಭಾರತ 176 ಹೊಡೆದಿತ್ತು, ಕೊಹ್ಲಿ 76. ಅಕ್ಷರ್ ಪಟೇಲ್‌ನ ಒಂದೇ ಓವರ್‌ನಲ್ಲಿ 24 ಹೋಗಿ ದಕ್ಷಿಣ ಆಫ್ರಿಕಾಕ್ಕೆ 30 ಬಾಲ್‌ಗೆ 30 ಬೇಕಿದ್ದಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆಗ ಫೋನ್ ಬಂತು.

"ಪಿಕ್ಚರ್ ಹೋಯ್ತು. ಸೌಂಡ್ ಬರ್ತಿದೆ." ಯಜಮಾನರ ದನಿಗಿಂತ ಹಿಂದಿನ ಗಲಾಟೆಯೇ ಜೋರಾಗಿತ್ತು.

ಸೌಂಡ್ ಇದ್ದು ಪಿಕ್ಚರ್ ಇಲ್ಲ ಅಂದರೆ ಹೆಚ್ಚಾಗಿ ಬ್ಯಾಕ್‌ಲೈಟ್, ಸ್ಕ್ರೀನ್ ಹಿಂದಿನ ದೀಪ. ಹೊಸ ಟಿವಿ, ಅದೇ ದಿನ ಹಾಕಿದ್ದು. "ಸಾರ್, ಫ್ರೇಮ್‌ನ ಕೆಳಗಡೆ ಮುಟ್ಟಿ ನೋಡಿ" ಅಂದೆ. ಮುಟ್ಟಿದವರು ಕೈ ಹಿಂದಕ್ಕೆ ಎಳೆದಿರಬೇಕು, "ಅಯ್ಯಯ್ಯೋ" ಅನ್ನುವುದು ಕೇಳಿಸಿತು. ಬೆಂಕಿ ಯಾವಾಗ ಹಾಕಿದ್ದು ಅಂತ ಕೇಳಿದೆ. ಗೆಸ್ಟ್ ಬರುವ ಮುಂಚೆ, ನಾಲ್ಕು ಗಂಟೆಗೆ. ಅಲ್ಲಿಂದ ಆರಿಸೇ ಇಲ್ಲ. ಬೆಳಿಗ್ಗೆ ನಾನು ಕೈ ಒತ್ತಿಸಿದ ಗೋಡೆ ಈಗ ಹೇಗಿದೆ ಅಂತ ಕೇಳುವ ಧೈರ್ಯ ಆಗಲಿಲ್ಲ.

"ಪ್ಲಗ್ ತೆಗೀರಿ ಸಾರ್, ತಣ್ಣಗಾಗಲಿ."

"ಪ್ಲಗ್ ತೆಗೆದ್ರೆ ಸೌಂಡೂ ಹೋಗುತ್ತಲ್ರೀ! ಇಲ್ಲಿ ಮೊಬೈಲ್‌ನಲ್ಲಿ ಮ್ಯಾಚ್ ನೋಡೋಷ್ಟು ಸಿಗ್ನಲ್ ಬೇರೆ ಇಲ್ಲ. ಇವ್ರೆಲ್ಲ ನನ್ನ ಸುಮ್ನೆ ಬಿಡ್ತಾರಾ?"

ಹಾರ್ದಿಕ್ ಓವರ್‌ನಲ್ಲಿ ಕ್ಲಾಸೆನ್ ಔಟಾದ. ಆ ಕಡೆ ಕಪ್ಪು ಸ್ಕ್ರೀನ್ ಎದುರು ಕೂತವರು ಕಾಮೆಂಟ್ರಿ ಕೇಳಿಯೇ ಕೂಗಿದರು. ನಾನು ಪ್ಲಗ್ ಪ್ಲಗ್ ಅಂತ ಬಡಕೊಳ್ಳುತ್ತಲೇ ಇದ್ದೆ. ಅಷ್ಟರಲ್ಲಿ ಯಾರೋ "ಬಕೆಟ್ ತಗೊಂಬಾ, ಬೆಂಕಿಗೆ ನೀರು ಹುಯ್ಯಿ" ಅಂದಿದ್ದು ಕೇಳಿಸಿತು. ನಿಜವಾಗಿ ಎದೆ ಧಸಕ್ಕೆಂದಿದ್ದು ಆಗಲೇ. ಅಷ್ಟು ಹೊತ್ತು ಕಾದ ಕಲ್ಲಿಗೆ ತಣ್ಣೀರು ಬಿದ್ದರೆ ಕಲ್ಲು ಸೀಳುತ್ತದೆ. ಬಿಸಿ ಹಬೆ, ಬೂದಿ ಎಲ್ಲ ಮೇಲೆದ್ದು ಕರೆಂಟ್ ಇರುವ ಟಿವಿಯ ಬೆನ್ನಿಗೆ ನುಗ್ಗುತ್ತದೆ. ಮುಂದೆ ನಿಂತವನ ಮುಖಕ್ಕೂ. "ನೀರು ಹಾಕ್ಬೇಡಿ! ಬೂದಿ ಮುಚ್ಚಿ! ರೈಟ್ರಿಗೆ ಫೋನ್ ಕೊಡಿ!" ಅಂತ ನಾನು ಕಿರುಚಿದ್ದಕ್ಕೆ ನಮ್ಮ ಮನೆಯವರೆಲ್ಲ ತಿರುಗಿ ನನ್ನನ್ನೇ ನೋಡಿದರು.

ರೈಟ್ರು ಫೋನ್ ತಗೊಳ್ಳಲಿಲ್ಲ. ಆ ಹೊತ್ತಿಗೆ ಅವರೇ ಬಾಂಡ್ಲಿ ತಂದು, ಸಲಿಕೆಯಲ್ಲಿ ಕೆಂಡ ಎತ್ತಿ ಅಂಗಳದ ಮಳೆಗೆ ಸುರಿಯುತ್ತಿದ್ದರಂತೆ. ಉಳಿದಿದ್ದಕ್ಕೆ ಬೂದಿ ಎಳೆದರು. ಪ್ಲಗ್ ಮಾತ್ರ ಯಾರೂ ತೆಗೆಯಲಿಲ್ಲ. ಕೊನೇ ಓವರ್‌ಗೆ 16 ಬೇಕಿತ್ತು. ಮೊದಲ ಬಾಲ್‌ಗೆ ಮಿಲ್ಲರ್ ಎತ್ತಿ ಹೊಡೆದ. ಸೂರ್ಯಕುಮಾರ್ ಬೌಂಡರಿ ಗೆರೆಯಲ್ಲಿ ಹಿಡಿದ ಆ ಕ್ಯಾಚನ್ನು ಅವರೂ ನೋಡಲಿಲ್ಲ, ಗೋಡೆ ಕಡೆ ತಿರುಗಿ ಫೋನ್‌ನಲ್ಲಿ ಬೈಸಿಕೊಳ್ಳುತ್ತಿದ್ದ ನಾನೂ ನೋಡಲಿಲ್ಲ. ಭಾರತ 7 ರನ್‌ನಿಂದ ಗೆದ್ದಿತು, ಬೀದಿಯಲ್ಲಿ ಪಟಾಕಿ ಹೊಡೆದರು. ನಾನು ಊಟ ಮಾಡದೆ ಮಲಗಿದೆ.

ಮಾರನೇ ದಿನ ಹೋಗಿ ಆನ್ ಮಾಡಿದರೆ ಪಿಕ್ಚರ್ ಬಂತು. ಆದರೆ ಸ್ಕ್ರೀನಿನ ಕೆಳಸಾಲಿನಲ್ಲಿ ಮೂರು ಕಡೆ ನಾಲ್ಕಾಣೆ ಅಗಲದ ಬಿಳಿ ಚುಕ್ಕೆ. ಒಳಗಿನ ಎಲ್‌ಇಡಿ ಪಟ್ಟಿಯಲ್ಲಿ ಪ್ರತಿ ಬಲ್ಬಿನ ಮೇಲೂ ಒಂದೊಂದು ಪುಟ್ಟ ಲೆನ್ಸ್ ಅಂಟಿಸಿರುತ್ತಾರೆ. ಬಿಸಿಗೆ ಅಂಟು ಬಿಟ್ಟು ಲೆನ್ಸ್ ಉದುರಿದರೆ ಬೆಳಕು ಹರಡುವುದಿಲ್ಲ, ಚುಕ್ಕೆಯಾಗಿ ನಿಲ್ಲುತ್ತದೆ. ಹೆಡ್ ಆಫೀಸ್‌ಗೆ ಬರೆದೆ. ಹೀಟ್ ಡ್ಯಾಮೇಜ್, ವಾರಂಟಿ ಇಲ್ಲ ಅಂತ ಉತ್ತರ ಬಂತು. ಸಾಕ್ಷಿ ಏನು ಗೊತ್ತಾ? ನಾನೇ ಅಪ್‌ಲೋಡ್ ಮಾಡಿದ ಫೋಟೋ. ಬೆಂಕಿಗೆ ಕೆಂಪು ಗೆರೆ ಸುತ್ತಿ ಕಳಿಸಿದ್ದರು. ಶಾಖ ಇರುವ ಕಡೆ ಟಿವಿ ಇಡಬೇಡಿ ಅಂತ ಮ್ಯಾನ್ಯುಯಲ್‌ನಲ್ಲಿ ಇದ್ದೇ ಇದೆ, ಸುತ್ತಲಿನ ಗಾಳಿ 40 ಡಿಗ್ರಿ ದಾಟಬಾರದು ಅಂತಲೂ ಇದೆ. ಅದನ್ನು ಓದಿ ಯಾವ ಟ್ರೈನಿಂಗ್‌ನಲ್ಲೂ ಹೇಳಿಲ್ಲ. ಟ್ರೈನಿಂಗ್‌ನಲ್ಲಿ ಹೇಳುವುದು ಎಕ್ಸ್‌ಟೆಂಡೆಡ್ ವಾರಂಟಿ ಮಾರುವುದು ಹೇಗೆ ಅಂತ. ಬ್ಯಾಕ್‌ಲೈಟ್ ಪಟ್ಟಿಯ ಖರ್ಚು ಯಜಮಾನರದ್ದು ಅರ್ಧ, ನನ್ನದು ಅರ್ಧ ಆಯಿತು. ಫ್ರಾಂಚೈಸಿ ನನ್ನ ಇನ್ಸೆಂಟಿವ್ ಹಿಡಿದಿದ್ದು ಬೇರೆ.

ಆದರೂ ತಲೆಯಿಂದ ಹೋಗಲಿಲ್ಲ. ಎಸಿ ಕೆಲಸ ಮಾಡುವ ಗೆಳೆಯನ ಹತ್ತಿರ ಟೆಂಪರೇಚರ್ ಗನ್ ಇತ್ತು. ಅದನ್ನು ಇಸ್ಕೊಂಡು, ಗೆಸ್ಟ್ ಇಲ್ಲದ ದಿನ ಅದೇ ಬಂಗಲೆಗೆ ಹೋಗಿ ನಾಲ್ಕು ಗಂಟೆಗೆ ಬೆಂಕಿ ಹಾಕಿಸಿದೆ. ಶುರುವಿನಲ್ಲಿ ಗೋಡೆ 22 ಡಿಗ್ರಿ. ಒಂದು ಗಂಟೆ ಆದರೂ 25. ಮೂರು ಗಂಟೆ ಕಳೆದ ಮೇಲೆ 36. ರಾತ್ರಿ ಹತ್ತಕ್ಕೆ 52. ಬೆಂಕಿ ಆರಿ ಎಷ್ಟೋ ಹೊತ್ತಾದ ಮೇಲೂ ಗೋಡೆ ಬೆಚ್ಚಗೇ ಇತ್ತು, ಸಾಕ್ಸ್ ಹಪ್ಪಳ ಆಗುವುದು ಹಾಗೆ. ಇಟ್ಟಿಗೆ ಗೋಡೆಯಲ್ಲಿ ಬಿಸಿ ಬರುವುದಿಲ್ಲ ಅಂತಲ್ಲ, ತಡವಾಗಿ ಬರುತ್ತದೆ. ಬಂದರೆ ಬೇಗ ಹೋಗುವುದೂ ಇಲ್ಲ. ಅದು ಹಿಂದಿನಿಂದ. ಮುಂದಿನಿಂದ ಒಲೆ ಬಾಯಿಯ ಬಿಸಿ ಗಾಳಿ ನಾಲ್ಕು ಇಂಚಿನ ಹಲಗೆಯನ್ನು ಸುತ್ತಿ ನೇರ ಟಿವಿಯ ಕೆಳತುದಿಗೆ ಬಡಿಯುತ್ತಿತ್ತು. ಹಿಂದೆ ಇದ್ದ ಒಂದು ಇಂಚು ಸಂದಿಯಲ್ಲಿ ಗಾಳಿ ಆಡಲು ಜಾಗವೇ ಇರಲಿಲ್ಲ.

ಟಿವಿಯನ್ನು ಪಕ್ಕದ ಗೋಡೆಗೆ, ಅತ್ತಿತ್ತ ತಿರುಗುವ ಸ್ವಿವೆಲ್ ಬ್ರಾಕೆಟ್‌ನಲ್ಲಿ ಇಳಿಸಿದೆವು. ಹಗಲು ಕಿಟಕಿ ಬೆಳಕು ಸ್ವಲ್ಪ ಹೊಡೆಯುತ್ತದೆ, ಪರದೆ ಎಳೆದರೆ ಆಯಿತು. ಅಜ್ಜಿಗೆ ಖುಷಿ. ಯಜಮಾನರಿಗೆ ಈಗಲೂ ಫೋಟೋದಲ್ಲಿ ಇದ್ದ ಹಾಗೆ ಬರಲಿಲ್ಲ ಅಂತ ಕೊರಗು.

ಈಗ ಯಾರಾದರೂ ಫೈರ್‌ಪ್ಲೇಸ್ ಮೇಲೆ ಅಂದರೆ ನಾನು ಮೊದಲು ಕೇಳುವುದು, ಬೆಂಕಿ ನಿಜವಾಗಿ ಹಾಕ್ತೀರಾ ಅಂತ. ಬೆಂಗಳೂರಿನ ಕಂಟೋನ್ಮೆಂಟ್ ಕಡೆ ಹಳೇ ಬಂಗಲೆಗಳಲ್ಲಿ ಫೈರ್‌ಪ್ಲೇಸ್ ಇರುತ್ತದೆ, ಸುಮ್ನೆ ಶೋಗೆ. ಅಂಥ ಕಡೆ ಧಾರಾಳವಾಗಿ ಹಾಕಬಹುದು. ಚಿಮಣಿಯ ಮೇಲ್ಬಾಯಿ ಮುಚ್ಚಿಸಿರಬೇಕು, ಇಲ್ಲದಿದ್ದರೆ ಮಳೆನೀರು, ಮಸಿ, ಹಕ್ಕಿ ಗೂಡು ಎಲ್ಲ ಕೆಳಗಿಳಿಯುತ್ತದೆ. ಕರೆಂಟಿನದಾದರೆ ಬಿಸಿ ಗಾಳಿ ಯಾವ ಕಡೆಯಿಂದ ಊದುತ್ತದೆ ನೋಡಿ. ಕೆಳಗಿನಿಂದ ಮುಂದಕ್ಕೆ ಊದಿದರೆ ತೊಂದರೆ ಕಡಿಮೆ, ಮೇಲಿನಿಂದ ಊದಿದರೆ ಬೇಡ. ಸೌದೆ ಉರಿಸುವುದಾದರೆ ನನ್ನ ಉತ್ತರ ಪಕ್ಕದ ಗೋಡೆ. ಅಲ್ಲೇ ಬೇಕು ಅಂತ ಹಟ ಹಿಡಿದರೆ ಹಲಗೆ ಎಂಟು ಹತ್ತು ಇಂಚಾದರೂ ಮುಂದೆ ಬಂದಿರಬೇಕು, ಟಿವಿ ಬೆನ್ನಿಗೆ ಗಾಳಿ ಆಡಬೇಕು. ಕೆಳಕ್ಕೆ ಎಳೆದುಕೊಳ್ಳುವ ಬ್ರಾಕೆಟ್ ಸಿಗುತ್ತದೆ, ರೇಟ್ ಜಾಸ್ತಿ. ಕತ್ತಿಗೇನೋ ಒಳ್ಳೆಯದು, ಆದರೆ ಬೆಂಕಿ ಇರುವಾಗ ಎಳೆದರೆ ಟಿವಿಯನ್ನು ತಂದು ಬಿಸಿಗಾಳಿಗೇ ಒಡ್ಡಿದ ಹಾಗೆ. ವೈರ್ ಕಾಣಬಾರದು, ಚಿಮಣಿ ಒಳಗಿಂದ ಎಳೆಯಿರಿ ಅಂತ ಕೇಳಿದವರೂ ಇದ್ದಾರೆ. ಅವರಿಗೆ ಕೈ ಮುಗಿದು ವಾಪಸ್ ಬಂದಿದ್ದೇನೆ.

ಮತ್ತೆ, ಗೋಡೆ ನೋಡಲು ಬೆಳಿಗ್ಗೆ ಹೋಗುವುದಿಲ್ಲ. ನಾಲ್ಕು ಗಂಟೆಗೆ ಬೆಂಕಿ ಹಾಕಿ, ಟಿವಿ ಬರುವ ಜಾಗದಲ್ಲಿ ಒಂದು ಥರ್ಮಾಮೀಟರ್ ನೇತು ಹಾಕಿ, ರಾತ್ರಿ ಒಂಬತ್ತಕ್ಕೆ ಬರ್ತೀನಿ ಅನ್ನುತ್ತೇನೆ. 40ರ ಹತ್ತಿರ ಬಂದಿದ್ದರೆ ಡ್ರಿಲ್ ಬ್ಯಾಗ್‌ನಿಂದ ಆಚೆಗೇ ಬರುವುದಿಲ್ಲ. ಇದನ್ನು ಆ್ಯಪ್‌ನಲ್ಲಿ ಸೇರಿಸಿ ಅಂತ ಮೇಲ್ ಹಾಕಿದ್ದೆ. ಅದು ಬಿಡಿ, ಏಳು ಗಂಟೆ ಮೇಲಿನ ವಿಸಿಟ್‌ಗೆ ಪೆಟ್ರೋಲ್ ಕ್ಲೇಮ್ ಪಾಸ್ ಆಗಲ್ಲ ಅಂತ ಅಕೌಂಟ್ಸ್‌ನವರು ನನಗೇ ತಿರುಗಿ ಮೇಲ್ ಹಾಕಿದ್ದಾರೆ.