ಕಣ್ಣು ನೋಯಿಸದ ಸ್ಟೀರಿಯೊ ಚಿತ್ರ: ಪ್ರೋಟೀನ್ ಚಿತ್ರಗಳ ಕೆಲಸದಲ್ಲಿ ಕಲಿತದ್ದು

ಪ್ರೋಟೀನ್ ರಚನೆಗಳನ್ನು ಪ್ರಬಂಧಕ್ಕೆ, ಪಾಠಕ್ಕೆ, ಪೋಸ್ಟರ್‌ಗೆ ಚಿತ್ರವಾಗಿ ಮಾಡಿಕೊಡುವುದು ನನ್ನ ಕೆಲಸದ ದೊಡ್ಡ ಪಾಲು. ಇದಕ್ಕೆ ಹೆಚ್ಚಾಗಿ ಬಳಸುವ ಸಾಫ್ಟ್‌ವೇರ್ ಪೈಮಾಲ್, ಆಗಾಗ ಕೈಮೆರಾಎಕ್ಸ್. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ಪಕ್ಕಪಕ್ಕ ಇಟ್ಟು ಆಳ ತೋರಿಸುವ ಸ್ಟೀರಿಯೊ ಜೋಡಿಗೆ ಇವುಗಳಲ್ಲಿ ಒಂದು ಸಾಲಿನ ಆಜ್ಞೆ ಸಾಕು. ಆದರೆ ಹಾಗೆ ಬಂದದ್ದನ್ನೇ ಪುಟಕ್ಕೆ ಹಾಕಿದರೆ ಓದುಗರು ಕ್ಷಣಹೊತ್ತು ಕಣ್ಣು ಕೂಡಿಸಲು ಹೆಣಗಿ ಮುಂದಕ್ಕೆ ಹೋಗಿಬಿಡುತ್ತಾರೆ. ಸ್ಟೀರಿಯೊ ಚಿತ್ರದಲ್ಲಿ ಕಣ್ಣಿನ ಹಿತವೇ ಮೊದಲು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಕಣ್ಣು ಒಪ್ಪದಿದ್ದರೆ ಆಳವೇ ಕಾಣದು, ಆಳ ಕಾಣದಿದ್ದರೆ ಎರಡನೇ ಚಿತ್ರ ಬರೀ ಜಾಗ ತಿಂದಂತೆ.

ಎರಡು ಕಣ್ಣಿಗೆ ಕೊಂಚ ಬೇರೆಯಾದ ಎರಡು ಚಿತ್ರ ಕೊಟ್ಟರೆ ಮಿದುಳು ಆಳ ಕಟ್ಟಿಕೊಳ್ಳುತ್ತದೆ ಎಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದರು. 1965ರಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ಕ್ಯಾರಲ್ ಜಾನ್ಸನ್ ಬರೆದ ಆರ್ಟೆಪ್ ಪ್ರೋಗ್ರಾಂ ಹರಳುಗಳ ಸ್ಟೀರಿಯೊ ಜೋಡಿಯನ್ನು ಕಂಪ್ಯೂಟರಿನಿಂದಲೇ ಬರೆಸುತ್ತಿತ್ತು. ಅಂದಿಗೂ ಇಂದಿಗೂ ಪ್ರಶ್ನೆ ಒಂದೇ: ಎರಡು ನೋಟಗಳ ನಡುವೆ ಎಷ್ಟು ಡಿಗ್ರಿ ಕೋನ?

ಕೋನವೊಂದನ್ನೇ ನೋಡಿದರೆ ಉತ್ತರ ಸಿಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ 1990ರ ದಶಕದಲ್ಲಿ ಬಿಡಿಸಿದ ಕಡಲೆಕಾಯಿ ಲೆಕ್ಟಿನ್ (ಸಕ್ಕರೆಯನ್ನು ಹಿಡಿದುಕೊಳ್ಳುವ ಪ್ರೋಟೀನ್) ರಚನೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಲ್ಯಾಕ್ಟೋಸ್ ಸಕ್ಕರೆ ಕೂತ ಜಾಗವನ್ನು ತೋರಿಸಬೇಕು. 60 ಮಿ.ಮೀ. ಅಗಲದ ಚಿತ್ರದಲ್ಲಿ 30 ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಅಗಲದ ನೋಟ ಇಟ್ಟರೆ ಒಂದು ಆಂಗ್‌ಸ್ಟ್ರಮ್‌ಗೆ 2 ಮಿ.ಮೀ. ಆಯಿತು. ಕೋನ 4 ಡಿಗ್ರಿ ಎಂದುಕೊಳ್ಳಿ. ಕಾಣುವ ಭಾಗದ ಆಳ 20 ಆಂಗ್‌ಸ್ಟ್ರಮ್ ಇದ್ದರೆ ಮುಂದಿನ ಮತ್ತು ಹಿಂದಿನ ಪರಮಾಣುಗಳ ನಡುವಿನ ಅಡ್ಡ ಅಂತರ ಎರಡು ಚಿತ್ರಗಳಲ್ಲಿ ಸುಮಾರು 2.8 ಮಿ.ಮೀ. ವ್ಯತ್ಯಾಸವಾಗುತ್ತದೆ. ಕೈಯಳತೆಯ ದೂರದಲ್ಲಿ ಓದುವವರು ಇದನ್ನು ಸಲೀಸಾಗಿ ಕೂಡಿಸಿಕೊಳ್ಳುತ್ತಾರೆ. ಅದೇ ನೋಟದಲ್ಲಿ ಹಿಂದಿನ ಪ್ರೋಟೀನನ್ನೆಲ್ಲ ಹಾಗೇ ಬಿಟ್ಟು ಆಳ 80 ಆಂಗ್‌ಸ್ಟ್ರಮ್ ಆಯಿತೆನ್ನಿ, ವ್ಯತ್ಯಾಸ 11 ಮಿ.ಮೀ. ದಾಟುತ್ತದೆ. ಸಕ್ಕರೆಯ ಮೇಲೆ ಕಣ್ಣು ನೆಟ್ಟಾಗ ಹಿನ್ನೆಲೆ ಎರಡೆರಡಾಗಿ ಒಡೆಯುತ್ತದೆ. ಹಾಗಾಗಿ ಕೋನ ಮುಟ್ಟುವ ಮುನ್ನ ನಾನು ಕ್ಲಿಪ್ಪಿಂಗ್ ಸರಿಮಾಡುತ್ತೇನೆ. ಮುಂದಿನದನ್ನೂ ಹಿಂದಿನದನ್ನೂ ಕತ್ತರಿಸಿ ಬೇಕಾದ ಪದರವನ್ನಷ್ಟೇ ಉಳಿಸಿ, ಹಿಂಬದಿಗೆ ತೆಳುವಾಗಿ ಮಂಜು ಹಾಕುತ್ತೇನೆ. ಒಟ್ಟು ವ್ಯತ್ಯಾಸ 3 ಮಿ.ಮೀ. ಒಳಗಿರುವಂತೆ ಕೋನ ಆಮೇಲೆ. ಕಡಿಮೆ ಆಳವಿರುವ ಚಿತ್ರ ಹೆಚ್ಚಿನವರಿಗೆ ಕಾಣುತ್ತದೆ, ಅತಿ ಆಳದ್ದು ಅಭ್ಯಾಸವಿದ್ದವರಿಗೆ ಮಾತ್ರ.

ಇನ್ನೊಂದು ತೊಂದರೆ ಮೇಲೆ-ಕೆಳಗಿನದು. ನಮ್ಮ ಕಣ್ಣುಗಳು ಒಳಕ್ಕೆ ಹೊರಕ್ಕೆ ತಿರುಗಿ ಹೊಂದಿಕೊಳ್ಳಬಲ್ಲವು. ಆದರೆ ಒಂದು ಮೇಲಕ್ಕೂ ಒಂದು ಕೆಳಕ್ಕೂ ನೋಡುವುದು ಅವುಗಳಿಗೆ ಹಿಂಸೆ. ಪರ್ಸ್‌ಪೆಕ್ಟಿವ್ (ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು) ಇಟ್ಟುಕೊಂಡು ಅಣುವನ್ನು ಲಂಬ ಅಕ್ಷದ ಸುತ್ತ ತಿರುಗಿಸಿದರೆ, ಹತ್ತಿರ ಬಂದ ಅಂಚು ದೊಡ್ಡದಾಗಿ, ದೂರ ಹೋದದ್ದು ಚಿಕ್ಕದಾಗಿ, ಒಂದೇ ಪರಮಾಣು ಎರಡು ಚಿತ್ರಗಳಲ್ಲಿ ಬೇರೆ ಬೇರೆ ಎತ್ತರಕ್ಕೆ ಬೀಳುತ್ತದೆ. ಮೂಲೆಗಳಲ್ಲಿ ಇದು ಹೆಚ್ಚು. ಮುದ್ರಣಕ್ಕೆ ಹೋಗುವ ಚಿತ್ರಗಳಿಗೆ ನಾನು ಪೈಮಾಲ್‌ನ ಆರ್ಥೋಸ್ಕೋಪಿಕ್ (ದೂರಕ್ಕೆ ತಕ್ಕಂತೆ ಗಾತ್ರ ಬದಲಾಗದ ನೋಟ) ಆನ್ ಮಾಡಿಬಿಡುತ್ತೇನೆ. ಆ ಪ್ರಕ್ಷೇಪಣೆಯಲ್ಲಿ ಎಷ್ಟೇ ತಿರುಗಿಸಿದರೂ ಎತ್ತರ ಕದಲುವುದಿಲ್ಲ. ಎರಡು ಚಿತ್ರ ಜೋಡಿಸಿದ ಮೇಲೆ ಮೇಲಿನ ಮೂಲೆಯ ಒಂದು ಪರಮಾಣುವಿಗೆ ಅಡ್ಡಗೆರೆ ಎಳೆದು ನೋಡಿ, ಸಾಕು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಎಡ-ಬಲದ ವಿಷಯದಲ್ಲಿ. ಜೋಡಿಯನ್ನು ಎಡಗಣ್ಣಿಗೆ ಎಡ ಚಿತ್ರ, ಬಲಗಣ್ಣಿಗೆ ಬಲ ಚಿತ್ರ ಕಾಣುವ ನೇರ ನೋಟದಲ್ಲೂ ನೋಡಬಹುದು, ಇದು ಅದಲುಬದಲಾಗುವಂತೆ ಕಣ್ಣು ಮೆಳ್ಳೆ ಮಾಡಿಯೂ ನೋಡಬಹುದು. ಪೈಮಾಲ್‌ನಲ್ಲಿ ಮೊದಲನೆಯದು ವಾಲ್‌ಐ, ಎರಡನೆಯದು ಕ್ರಾಸ್‌ಐ. ಒಂದಕ್ಕೆಂದು ಮಾಡಿದ್ದನ್ನು ಇನ್ನೊಂದು ರೀತಿಯಲ್ಲಿ ನೋಡಿದರೆ ಆಳ ತಿರುಗುಮುರುಗು: ಮುಂದಿನದು ಹಿಂದೆ, ಹಿಂದಿನದು ಮುಂದೆ. ಮೇಲ್ಮೈ ಚಿತ್ರದಲ್ಲಿ ಒಂದು ಇನ್ನೊಂದನ್ನು ಮರೆಮಾಡುವುದರಿಂದ ಏನೋ ಸರಿಯಿಲ್ಲವೆಂದು ಕಣ್ಣಿಗೆ ಹೊಳೆಯುತ್ತದೆ. ತೆಳು ಕಡ್ಡಿಗಳ ಚಿತ್ರದಲ್ಲಿ ಹೊಳೆಯುವುದೇ ಇಲ್ಲ. ಬಲಕ್ಕೆ ಸುತ್ತುವ ಆಲ್ಫಾ ಹೆಲಿಕ್ಸ್ (ಪ್ರೋಟೀನ್ ಸರಪಳಿಯ ಸುರುಳಿ) ಎಡಕ್ಕೆ ಸುತ್ತಿದಂತೆ ಕಾಣುತ್ತದೆ, ಎಲ್-ಅಮೈನೋ ಆಮ್ಲ ಅದರ ಕನ್ನಡಿ ಬಿಂಬವಾದ ಡಿ ಆಗಿಬಿಡುತ್ತದೆ. ರಚನಾ ಜೀವವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ಸುಳ್ಳು ಚಿತ್ರ ಇರಲಾರದು. ಕಡಲೆಕಾಯಿ ಲೆಕ್ಟಿನ್ ಬಹುತೇಕ ಬೀಟಾ ಹಾಳೆಗಳಿಂದಾದದ್ದು, ಹೋಲಿಸಿ ನೋಡಲು ಹೆಲಿಕ್ಸ್ ಸಿಗುವುದಿಲ್ಲ. ಆಗ ಯಾವುದಾದರೂ ಅಮೈನೋ ಆಮ್ಲದ ನಡುವಿನ ಕಾರ್ಬನ್, ಅಂದರೆ ಆಲ್ಫಾ ಕಾರ್ಬನ್ ಹಿಡಿಯಿರಿ. ಅದರ ಹೈಡ್ರೋಜನ್ ನಿಮ್ಮ ಕಡೆಗಿದ್ದರೆ ಸಿಒ (ಕಾರ್ಬನ್-ಆಕ್ಸಿಜನ್ ಗುಂಪು), ಪಾರ್ಶ್ವ ಸರಪಳಿ, ನೈಟ್ರೋಜನ್ ಪ್ರದಕ್ಷಿಣೆಯಾಗಿ ಬರಬೇಕು. ಯಾವ ನೋಟಕ್ಕೆಂದು ಮಾಡಿದ್ದು ಎಂಬುದನ್ನು ಚಿತ್ರದ ಅಡಿಬರಹದಲ್ಲಿ ಬರೆಯದೆ ನಾನು ಯಾವ ಜೋಡಿಯನ್ನೂ ಕಳಿಸುವುದಿಲ್ಲ.

ಅಳತೆಯೂ ಇದಕ್ಕೇ ಸೇರಿದ್ದು. ವಯಸ್ಕರ ಕಣ್ಣುಪಾಪೆಗಳ ನಡುವೆ ಸರಾಸರಿ 63 ಮಿ.ಮೀ. ಅಂತರ. ನೇರ ನೋಟದ ಜೋಡಿಯಲ್ಲಿ ಒಂದೇ ಪರಮಾಣುವಿನ ಎರಡು ಬಿಂಬಗಳು ಇದಕ್ಕಿಂತ ದೂರವಾದರೆ ಕಣ್ಣುಗಳು ಹೊರಕ್ಕೆ ಬಾಗಬೇಕಾಗುತ್ತದೆ, ಅದು ಆಗದ ಮಾತು. ಕಾಗದದ ಮೇಲೆ ಸರಿಯಿದ್ದ ಜೋಡಿ ಪ್ರೊಜೆಕ್ಟರ್ ಪರದೆಯ ಮೇಲೆ ಕೆಲಸಕ್ಕೆ ಬಾರದಿರುವುದು ಇದರಿಂದಲೇ. ಭಾಷಣದ ಸ್ಲೈಡ್‌ಗಳಿಗೆ ಕ್ರಾಸ್‌ಐ ಬೇರೆಯಾಗಿ ಮಾಡುತ್ತೇನೆ, ಇಲ್ಲವೇ ಕೆಂಪು-ಸಯಾನ್ ಕನ್ನಡಕದ ಅನಾಗ್ಲಿಫ್. ಅನಾಗ್ಲಿಫ್‌ನಲ್ಲಿ ಆಕ್ಸಿಜನ್‌ಗೆ ರೂಢಿಯ ಕೆಂಪು ಬಣ್ಣವನ್ನೇ ಉಳಿಸಿದರೆ ಒಂದು ಕಣ್ಣಿಗೆ ಬೆಳಗುವುದು ಇನ್ನೊಂದಕ್ಕೆ ಕಪ್ಪಾಗುತ್ತದೆ. ಅಲ್ಲಿ ಬೂದು ಬಣ್ಣಗಳೇ ವಾಸಿ.

ನೆರಳು ಮತ್ತು ಹೊಳಪು ಎರಡು ಚಿತ್ರಗಳಲ್ಲಿ ಬೇರೆ ಬೇರೆ ಕಡೆ ಬಿದ್ದರೂ ಕಣ್ಣು ತಡಕಾಡುತ್ತದೆ. ಪೈಮಾಲ್‌ನ ರೇ ಆಜ್ಞೆಯಿಂದ ಕೊನೆಯ ಚಿತ್ರ ಮಾಡುವಾಗ ನೆರಳು ಆಫ್ ಮಾಡಿ, ಹೊಳಪು ತಗ್ಗಿಸಿ. ಅಕ್ಷರಗಳ ವಿಷಯ ಹಲವರಿಗೆ ನೆನಪಾಗುವುದಿಲ್ಲ. ಹಿಂದಿನ ಪರಮಾಣುವಿನ ಹೆಸರನ್ನು ಮುಂದಿನ ಕಡ್ಡಿಯ ಮೇಲೆ ಬರೆದಂತಾದರೆ, ಆಳದ ಪ್ರಕಾರ ಅದು ಹಿಂದೆ, ಮರೆಯ ಪ್ರಕಾರ ಮುಂದೆ. ಹೆಸರುಗಳನ್ನು ಖಾಲಿ ಜಾಗಕ್ಕೆ ಸರಿಸಿಡಿ. ಚಿತ್ರದ ಅಂಚಿಗೆ ತಾಗಿ ತುಂಡಾಗುವ ಪರಮಾಣು ಪುಟದಿಂದ ಮುಂದಕ್ಕೆ ಚಾಚಿರಲೂಬಾರದು. ಸುತ್ತ ಸ್ವಲ್ಪ ಜಾಗ ಬಿಟ್ಟರೆ ಆಯಿತು.

ಎರಡು ಕಣ್ಣುಗಳ ಆಳದೃಷ್ಟಿಯೇ ಇಲ್ಲದವರೂ ಇದ್ದಾರೆ, ಅವರು ನಮ್ಮ ಓದುಗರೇ. ಹಾಗಾಗಿ ಜೋಡಿಯ ಒಂದು ಚಿತ್ರವಷ್ಟೇ ನೋಡಿದರೂ ಲ್ಯಾಕ್ಟೋಸ್ ಯಾವ ಅಮೈನೋ ಆಮ್ಲಗಳ ನಡುವೆ ಕೂತಿದೆ ಎಂದು ತಿಳಿಯುವಂತೆ ನೋಟದ ದಿಕ್ಕು ಆರಿಸುವುದರಿಂದಲೇ ನಾನು ಕೆಲಸ ಶುರುಮಾಡುವುದು. ಕ್ಲಿಪ್ಪಿಂಗ್, ಕೋನ ಎಲ್ಲ ಆಮೇಲೆ ಬರುತ್ತವೆ.