ಇಪ್ಪತ್ತೆರಡು ಅಡಿಯೊಳಗಿನ ಸಂಸಾರ

ಸಿಯಾಟಲ್ ಕಡೆಯ ಪ್ಯೂಜೆಟ್ ಸೌಂಡ್ ಎಂಬ ಕೊಲ್ಲಿಯಲ್ಲಿ ದೋಣಿ ಇಟ್ಟುಕೊಂಡವರಿಗೆ ಮಳೆಗಿಂತ ಹೆಚ್ಚು ಕಾಟ ಕೊಡುವುದು ಕ್ಯಾಬಿನ್ನಿನೊಳಗೇ ಹುಟ್ಟುವ ನೀರು. ಅಲ್ಲಿನ ಸಮುದ್ರ ಬೇಸಿಗೆಯಲ್ಲೂ ತಣ್ಣಗಿರುವುದರಿಂದ, ಮಲಗಿದವರ ಉಸಿರು ಮತ್ತು ಅಡುಗೆಯ ಹಬೆ ಫೈಬರ್‌ಗ್ಲಾಸ್ ಗೋಡೆಗೆ ತಾಗಿ ಹನಿಗಟ್ಟಿ, ಸದ್ದಿಲ್ಲದೆ ಹಾಸಿಗೆಯ ಅಡಿಗೆ ಇಳಿಯುತ್ತದೆ. ಊರಿನಿಂದ ಬಂದಿದ್ದ ಅಪ್ಪನನ್ನು ಸಾನ್ ವಾನ್ ದ್ವೀಪಗಳಿಗೆ ಕರೆದೊಯ್ಯುವುದೆಂದು ತೀರ್ಮಾನವಾದಾಗ, ಇಡೀ ಶನಿವಾರವನ್ನು ದೋಣಿಯನ್ನು ಮನೆಯಂಗಳದಲ್ಲಿ ಟ್ರೇಲರ್ ಮೇಲೆಯೇ ನಿಲ್ಲಿಸಿ ಸಜ್ಜುಗೊಳಿಸುವುದಕ್ಕೆ ಮೀಸಲಿಟ್ಟೆ.

ನಮ್ಮದು ಹಳೆಯ ಸಿ-ಡೋರಿ 22, ಅಂದರೆ ಸುಮಾರು ಇಪ್ಪತ್ತೆರಡು ಅಡಿ ಉದ್ದದ, ಪುಟ್ಟ ಕ್ಯಾಬಿನ್ನಿರುವ ಮೋಟಾರು ದೋಣಿ. ಅದರ ಅಗಲ 7 ಅಡಿ 8 ಅಂಗುಲ. ಅಮೆರಿಕದ ಹೆದ್ದಾರಿಗಳಲ್ಲಿ ವಿಶೇಷ ಪರವಾನಗಿಯಿಲ್ಲದೆ ಎಳೆದೊಯ್ಯಬಹುದಾದ ಎಂಟೂವರೆ ಅಡಿಯ ಮಿತಿಯೊಳಗೇ ಇದೆ. ಆ ಅಗಲದಲ್ಲಿ ಮೂವರ ನಿದ್ದೆ, ಊಟ, ಶೌಚ ಎಲ್ಲವೂ ನಡೆಯಬೇಕಾದ್ದರಿಂದ, ಕನಿಷ್ಠ ಎರಡು ಕೆಲಸಗಳಿಗೆ ಒದಗದ ವಸ್ತುವನ್ನು ನಾನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ.

ಮೊದಲು ಮುಂಭಾಗದ ಹಾಸಿಗೆಯನ್ನು ಎತ್ತಿದೆ. ಪ್ಲೈವುಡ್ ಮೇಲೆ ಕಪ್ಪು ಚುಕ್ಕೆಗಳು ಮೂಡಿದ್ದವು, ಅಂಗೈ ಇಟ್ಟರೆ ತೇವ ತಾಗುತ್ತಿತ್ತು. ಅದನ್ನು ಒರೆಸಿ, ಒಣಗಿಸಿ, ಸುರುಳಿ ಎಳೆಗಳಿಂದ ಹೆಣೆದ ಗಾಳಿಯಾಡುವ ಚಾಪೆಯೊಂದನ್ನು ಅಳತೆಗೆ ಕತ್ತರಿಸಿ ಹಾಸಿದೆ. ಮುಕ್ಕಾಲು ಅಂಗುಲ ದಪ್ಪದ ಈ ಚಾಪೆಯಿಂದ ಸಿಕ್ಕಷ್ಟು ಸುಖವನ್ನು ದುಬಾರಿ ಮೆತ್ತೆಗಳು ಕೊಟ್ಟಿಲ್ಲ. ಬಿಸಿಗಾಗಿ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ ಸಣ್ಣ ಡೀಸೆಲ್ ಹೀಟರ್ ಇದೆ. ಕೊಳವೆಯಿಲ್ಲದ ಗ್ಯಾಸ್ ಹೀಟರ್ ಅಗ್ಗವೇನೋ ನಿಜ, ಆದರೆ ಗ್ಯಾಸ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ತೇವ ಕಳೆಯಲು ಹೋಗಿ ತೇವವನ್ನೇ ತುಂಬಿಕೊಂಡಂತಾಗುತ್ತದೆ. ಹೀಟರ್ ಯಾವುದೇ ಇರಲಿ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಪತ್ತೆಹಚ್ಚುವ ಅಲಾರಂ ಇಲ್ಲದೆ ಕ್ಯಾಬಿನ್ನಿನಲ್ಲಿ ಮಲಗಬಾರದು.

ಅಡುಗೆಯ ವಿಷಯದಲ್ಲಿ ಅಪ್ಪನದೇ ಮೇಲ್ವಿಚಾರಣೆ. ದೋಣಿ ಸಾಮಾನಿನ ಅಂಗಡಿಯಲ್ಲಿ ಒಂದರೊಳಗೊಂದು ಕೂರುವ ಸ್ಟೀಲ್ ಪಾತ್ರೆಗಳ ಬೆಲೆ ಕೇಳಿ ಬೆಚ್ಚಿದ ಅವರು, ಮನೆಯ ಮೂರು ಲೀಟರ್ ಕುಕ್ಕರ್ ಸಾಕೆಂದು ಪಟ್ಟು ಹಿಡಿದರು. ಅವರ ಮಾತು ಸರಿಯಾಗಿಯೇ ಇತ್ತು: ಮುಚ್ಚಳ ಬಿಗಿದ ಕುಕ್ಕರ್ ಅಲೆಗೆ ಉರುಳಿದರೂ ಸಾರು ಅಷ್ಟಾಗಿ ಚೆಲ್ಲುವುದಿಲ್ಲ, ಗ್ಯಾಸೂ ಹಬೆಯೂ ಎರಡೂ ಕಡಿಮೆ. ಒಗ್ಗರಣೆಯನ್ನು ಮಾತ್ರ ಹಿಂಬದಿಯ ತೆರೆದ ಕಟ್ಟೆಯಲ್ಲೇ ಹಾಕಬೇಕೆಂದು ನಾನು ಷರತ್ತು ಹಾಕಿದೆ, ಏಕೆಂದರೆ ಕ್ಯಾಬಿನ್ನಿನ ಬಟ್ಟೆಗೆ ಹತ್ತಿದ ಇಂಗಿನ ವಾಸನೆ ಇಳಿಯಲು ವಾರಗಳು ಬೇಕು. ಒಲೆಯ ಬ್ಯೂಟೇನ್ ಗ್ಯಾಸ್ ಡಬ್ಬಿಗಳಿಗೂ ಅಲ್ಲೇ ಜಾಗ. ಆ ಅನಿಲ ಗಾಳಿಗಿಂತ ಭಾರವಾದ್ದರಿಂದ, ಕ್ಯಾಬಿನ್ನಿನಲ್ಲಿ ಸೋರಿದರೆ ತಳದಲ್ಲಿ ಶೇಖರವಾಗಿ ಒಂದು ಕಿಡಿಗಾಗಿ ಕಾಯುತ್ತದೆ.

ಫ್ರಿಜ್ ಬೇಡವೆಂದು ಬಿಟ್ಟೆ. ನೂರು ಆಂಪಿಯರ್-ಗಂಟೆ ಸಾಮರ್ಥ್ಯದ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯಸ್ಸು ತಗ್ಗುತ್ತದೆ; ಬಳಸಬಹುದಾದ ಐವತ್ತರಲ್ಲೇ ಹೀಟರಿನ ಫ್ಯಾನ್, ದೀಪಗಳು, ಜಿಪಿಎಸ್ ಎಲ್ಲವೂ ನಡೆಯಬೇಕು. ಎಲ್ಇಡಿ ದೀಪಗಳದೇನೂ ಚಿಂತೆಯಿಲ್ಲ. ಮೊಸರಿಗೆ ಐಸ್ ಪೆಟ್ಟಿಗೆ ಸಾಕು. ಅದರಲ್ಲಿ ಹೆಪ್ಪುಗಟ್ಟಿಸಿ ಇಟ್ಟ ಬಾಟಲಿ ನೀರು ಕರಗಿದ ಮೇಲೆ ಕುಡಿಯಲೂ ಆಗುತ್ತದೆ.

ಸಂಜೆ ಪ್ರತಿಯೊಂದನ್ನೂ ಕಟ್ಟಿಹಾಕುವ ಕೆಲಸ ಉಳಿದಿತ್ತು. ಸಮುದ್ರಕ್ಕಿಂತ ಹೆದ್ದಾರಿಯೇ ಸಾಮಾನುಗಳನ್ನು ಹೆಚ್ಚು ಕುಲುಕುತ್ತದೆಂಬುದು ಟ್ರೇಲರ್ ದೋಣಿಯವರಿಗೆಲ್ಲ ಗೊತ್ತಿರುವ ಸಂಗತಿ.

ಕೊನೆಯದು ಶೌಚದ ಸಮಸ್ಯೆ. 2018ರಿಂದ ಪ್ಯೂಜೆಟ್ ಸೌಂಡ್‌ನಲ್ಲಿ ದೋಣಿಯ ಮಲವನ್ನು, ಸಂಸ್ಕರಿಸಿದ್ದನ್ನೂ ಸಹ, ನೀರಿಗೆ ಬಿಡುವಂತಿಲ್ಲ. ಹಾಗಾಗಿ ದಡದಲ್ಲಿ ಖಾಲಿ ಮಾಡುವ ಪೋರ್ಟಬಲ್ ಕಮೋಡ್ ನಮ್ಮಲ್ಲಿದೆ. ಅದಿರುವುದು ಮಲಗುವ ಜಾಗದ ಪಕ್ಕದಲ್ಲೇ, ನಡುವೆ ಬಾಗಿಲಿಲ್ಲ. ಅಳತೆಗೆ ಹೊಲಿಸುವ ಪರದೆಗೆ ಇನ್ನೂರು ಡಾಲರ್ ಎಂದಾಗ, ಅಪ್ಪ ತಮ್ಮ ಚೀಲದಿಂದ ಪಂಚೆಯೊಂದನ್ನು ತೆಗೆದು ಎರಡು ಕೊಕ್ಕೆಗೆ ದಾರದಿಂದ ಕಟ್ಟಿದರು. ಪರದೆಯ ಆರ್ಡರ್ ಅನ್ನು ನಾನು ಇದುವರೆಗೂ ಕೊಟ್ಟಿಲ್ಲ.