ಆ ಎಡಗಾಲು

ಸಂಜೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸ್ಕೊಂಡು ಹೈಸ್ಕೂಲ್ ಮೈದಾನದ ಪಕ್ಕ ಬರ್ತಿದ್ದೆ.
ನಾಲ್ಕೈದು ಹುಡುಗ್ರು. ಎರಡು ಜೊತೆ ಚಪ್ಪಲಿ ಇಟ್ಟು ಗೋಲ್ ಮಾಡ್ಕೊಂಡಿದ್ರು.
ಒಬ್ಬ ಜೋರಾಗಿ ಒದ್ದ. ಗೋಲಿನಲ್ಲಿದ್ದ ಪುಟ್ಟ ಹುಡುಗ ಎಡಗಾಲು ಚಾಚಿಬಿಟ್ಟ. ಚೆಂಡು ಮೊಣಕಾಲಿಗೆ ಬಡಿದು ಆಚೆ ಹೋಯ್ತು.
"ಮಾರ್ಟಿನೆಝ್!" ಅಂತ ಎಲ್ಲರೂ ಕೂಗಿದ್ರು.

ನಾನು ಅಲ್ಲೇ ನಿಂತೆ.

2022ರ ಡಿಸೆಂಬರ್ 18. ಕತಾರ್‌ನ ಲುಸೈಲ್. ಫುಟ್‌ಬಾಲ್ ವಿಶ್ವಕಪ್ ಫೈನಲ್. ಅರ್ಜೆಂಟೀನಾ 3, ಫ್ರಾನ್ಸ್ 3. ಫ್ರಾನ್ಸಿನ ಮೂರೂ ಗೋಲು ಎಂಬಾಪೆಯೇ ಹೊಡೆದಾಗಿತ್ತು. ಹೆಚ್ಚುವರಿ ಸಮಯವೂ ಮುಗಿಯೋ ಹೊತ್ತು, 123ನೇ ನಿಮಿಷ. ಫ್ರಾನ್ಸಿನ ಕೊಲೊ ಮುವಾನಿ ಎದುರಿಗೆ ಅರ್ಜೆಂಟೀನಾದ ಗೋಲ್‌ಕೀಪರ್ ಒಬ್ಬನೇ. ಒದ್ದ. ಎಮಿಲಿಯಾನೊ ಮಾರ್ಟಿನೆಝ್ ಎಡಗಾಲು ಚಾಚಿದ. ಅಷ್ಟೇ. ಆ ಕಾಲು ಒಂದು ಗೇಣು ಆಚೆ ಇದ್ದಿದ್ರೆ ಮೆಸ್ಸಿ ಕೈಗೆ ಕಪ್ ಬರ್ತಿರಲಿಲ್ಲ.

ಎಲ್ಲರಿಗೂ ಆ ಕಾಲು ನೆನಪಿದೆ. ನನಗೆ ಕೊಲೊ ಮುವಾನಿಯೂ ನೆನಪಾಗ್ತಾನೆ.
ಅದಾಗಿ ಕೆಲವೇ ನಿಮಿಷಕ್ಕೆ, ಗೆದ್ದವರು ಯಾರು ಅಂತ ತೀರ್ಮಾನಿಸೋಕೆ ಪೆನಾಲ್ಟಿ ಒದೆತ. ಫ್ರಾನ್ಸಿನ ಕೊಮಾನ್ ಒದ್ದಿದ್ದನ್ನ ಮಾರ್ಟಿನೆಝ್ ತಡೆದ, ಚುವಾಮೆನಿ ಒದ್ದಿದ್ದು ಹೊರಗೆ ಹೋಯ್ತು. ಫ್ರಾನ್ಸ್ ಕಡೆಯಿಂದ ನಾಲ್ಕನೆಯವನಾಗಿ ಬಂದವನು ಇದೇ ಕೊಲೊ ಮುವಾನಿ. ಅದೇ ಗೋಲ್‌ಕೀಪರ್ ಎದುರು. ಗೋಲು ತಪ್ಪಿದರೆ ಅಲ್ಲಿಗೇ ಮುಗೀತು.
ಗೋಲು ಹೊಡೆದ!
ಮುಂದೆ ಅರ್ಜೆಂಟೀನಾದ ಮೊಂಟಿಯೆಲ್ ಒದ್ದು 4-2 ಆಯ್ತು, ಫ್ರಾನ್ಸ್‌ನವರು ಸೋತರು. ಆದ್ರೂ ಕೊಲೊ ಮುವಾನಿ ಚೆಂಡಿನ ಹತ್ತಿರ ನಡ್ಕೊಂಡು ಬಂದಿದ್ದು ನನಗೆ ಕಪ್‌ಗಿಂತ ದೊಡ್ಡದಾಗಿ ಕಾಣುತ್ತೆ.

ಇಲ್ಲಿ ಒದ್ದ ಹುಡುಗ ತಲೆ ತಗ್ಗಿಸಿ ಕೂತಿದ್ದ. ಗೋಲಿನಲ್ಲಿದ್ದವನೇ ಚೆಂಡು ತಂದು ಅವನ ಮುಂದಿಟ್ಟ.
"ಏಳಲೇ, ಇನ್ನೊಂದ್ಸಲ ಹೊಡಿ."
ಮೆಣಸಿನಕಾಯಿ ತಣ್ಣಗಾಗೋವರೆಗೂ ನೋಡ್ತಾ ನಿಂತಿದ್ದೆ.